ನಾರ್ಮಲ್ ಎಂದು ಬರೆದುಕೊಟ್ಟ ಹೊಟ್ಟೆ

ಹೊಟ್ಟೆನೋವು ಶುರುವಾದಾಗ ನಾನು ಹೊಸಪೇಟೆ–ಕಂಪ್ಲಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಈಗಲೂ ಆಗಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಡುವೆ ಕೆಲವು ತಿಂಗಳು ನನ್ನ ಸುತ್ತಲಿನವರು ಈ ಹೆಂಗಸಿನ ಕೈಲಿ ಇನ್ನು ಈ ಕೆಲಸ ಆಗುವುದಿಲ್ಲ ಎಂದೋ, ಕೆಲಸ ತಪ್ಪಿಸಿಕೊಳ್ಳಲು ನಾಟಕ ಆಡುತ್ತಿದ್ದಾಳೆ ಎಂದೋ ತೀರ್ಮಾನ ಮಾಡಿಬಿಟ್ಟಿದ್ದರು. ಎರಡೂ ಸುಳ್ಳಾದವು.

ನೋವು ಎದೆಗೂಡಿನ ಕೆಳಗೆ, ಹೊಕ್ಕುಳಿಗಿಂತ ಮೇಲೆ, ಒಂದೇ ಜಾಗದಲ್ಲಿ ಇರುತ್ತಿತ್ತು. ಹಸಿದಾಗ ಉರಿಯುತ್ತಿತ್ತು, ಏನಾದರೂ ತಿಂದರೆ ಸ್ವಲ್ಪ ಹೊತ್ತು ಸುಮ್ಮನಾಗಿ ಮತ್ತೆ ಶುರುವಾಗುತ್ತಿತ್ತು. ಆದರೆ ತಿನ್ನಲು ಹೊತ್ತೆಲ್ಲಿ? ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಕಮಲಾಪುರದಲ್ಲೇ ಬಸ್ಸು ತುಂಬಿಬಿಡುತ್ತದೆ. ಅಲ್ಲಿಂದ ಬುಕ್ಕಸಾಗರ ದಾಟುವ ತನಕ ನಾನು ಜನರ ನಡುವೆ ಅಡ್ಡಡ್ಡ ತೂರಿಕೊಂಡು ಟಿಕೆಟ್ ಹರಿಯಬೇಕು. ಕಂಪ್ಲಿಯಲ್ಲಿ ಇಳಿದರೆ ಹಿಂದಿನ ಬಸ್ಸು ತಡವಾಗಿದೆ ಎಂದು ನಮ್ಮನ್ನು ತಕ್ಷಣ ಹೊರಡಿಸುತ್ತಿದ್ದರು. ಬೆಳಿಗ್ಗೆ ಕಟ್ಟಿಕೊಂಡು ಹೋದ ರೊಟ್ಟಿ ಬುತ್ತಿ ಎಷ್ಟೋ ದಿನ ಸಂಜೆ ಹಾಗೇ ಮನೆಗೆ ವಾಪಸು ಬರುತ್ತಿತ್ತು. ನಿಂತು ನಿಂತು ಮಂಡಿ ಎರಡೂ ಹಿಡಿದುಕೊಳ್ಳುತ್ತಿದ್ದವು. ಬಸ್ ನಿಲ್ದಾಣದ ಎದುರಿನ ಮೆಡಿಕಲ್ ಶಾಪಿನವರು ಕೊಡುವ ಮಂಡಿನೋವಿನ ಗುಳಿಗೆಯನ್ನು ಚಹಾದ ಜೊತೆ ನುಂಗಿದರೆ ಮಧ್ಯಾಹ್ನದ ತನಕ ಕಾಲುಗಳು ಮಾತು ಕೇಳುತ್ತಿದ್ದವು. ಹೊಟ್ಟೆ ಉರಿಯಲು ಶುರುವಾದ ಮೇಲೆ ಅದಕ್ಕೂ ಅದೇ ಗುಳಿಗೆ ನುಂಗತೊಡಗಿದೆ. ನೋವಿನ ಗುಳಿಗೆ ಅಲ್ಲವೇ, ಯಾವ ನೋವಾದರೇನು ಎಂದುಕೊಂಡಿದ್ದೆ.

ನನ್ನ ಗಂಡ ಲಾರಿ ಬಾಡಿ ಕಟ್ಟುವ ಗ್ಯಾರೇಜಿನಲ್ಲಿ ವೆಲ್ಡರ್. ಒಂದು ಸಂಜೆ ಅವರು ಗುಲಾಬಿ ಬಣ್ಣದ ಒಂದು ಕರಪತ್ರ ತಂದರು. ಇಡೀ ದೇಹದ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಎಂದು ಅದರ ಮೇಲೆ ದೊಡ್ಡ ಅಕ್ಷರದಲ್ಲಿತ್ತು. ಕೆಳಗೆ ನಗುವ ಮುಖದ ಒಂದು ಸಂಸಾರದ ಚಿತ್ರ.

“ತಲಿಯಿಂದ ಕಾಲಿನ ತನಕ ಎಲ್ಲಾ ನೋಡ್ತಾರಂತ. ಏನೈತಿ ಏನಿಲ್ಲ, ಒಂದ ಸಲಕ್ಕ ಗೊತ್ತಾಕ್ಕೈತಿ” ಎಂದರು.

ಯಾವ ಡಾಕ್ಟರೂ ನನಗೆ ಸ್ಕ್ಯಾನಿಂಗ್ ಮಾಡಿಸು ಎಂದು ಬರೆದುಕೊಟ್ಟಿರಲಿಲ್ಲ. ಯಾರೂ ನನ್ನ ಹೊಟ್ಟೆ ಮುಟ್ಟಿ ನೋಡಿರಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಸೀರೆ ಅಂಗಡಿಗೆ ಹೋಗುವ ಹಾಗೆ ನಾವಿಬ್ಬರೂ ನನ್ನ ವಾರದ ರಜೆಯ ದಿನ ಹೊಸಪೇಟೆಯ ಆ ಸ್ಕ್ಯಾನಿಂಗ್ ಸೆಂಟರಿಗೆ ಹೋದೆವು.

ರಾತ್ರಿ ಊಟದ ನಂತರ ಏನೂ ತಿನ್ನಬೇಡಿ, ಬೆಳಿಗ್ಗೆ ನೀರು ಮಾತ್ರ ಕುಡಿದು, ಮೂತ್ರ ಮಾಡದೆ ಬನ್ನಿ ಎಂದು ಫೋನಿನಲ್ಲಿ ಹೇಳಿದ್ದರು. ಯಾಕೆ ಎಂದು ನಾನು ಕೇಳಿದ್ದಕ್ಕೆ ಆಚೆಯವರು ಫೋನು ಇಟ್ಟಿದ್ದರು. ಕಾರಣ ನನಗೆ ತಿಳಿದದ್ದು ಆಮೇಲೆ. ತಿಂದರೆ ಪಿತ್ತಕೋಶ ಕುಗ್ಗಿಬಿಡುತ್ತದೆ, ಅದರೊಳಗೆ ಕಲ್ಲಿದ್ದರೂ ಸರಿಯಾಗಿ ಕಾಣುವುದಿಲ್ಲ. ಮೂತ್ರಕೋಶ ತುಂಬಿದ್ದರೆ ಅದರ ಹಿಂದಿರುವ ಗರ್ಭಕೋಶ ಸ್ಪಷ್ಟವಾಗಿ ಕಾಣುತ್ತದೆ. ಎರಡೇ ಮಾತಿನಲ್ಲಿ ಹೇಳಬಹುದಾದ ಸಂಗತಿ. ಹೇಳಿದ್ದರೆ ನನ್ನ ಪಕ್ಕದಲ್ಲಿ ಕುಳಿತಿದ್ದ ಮುದುಕಿ ತಾಳಲಾರದೆ ನಡುವೆ ಎದ್ದುಹೋಗಿ, ಬಂದು, ಬೈಸಿಕೊಂಡು, ಮತ್ತೆ ಮೊದಲಿನಿಂದ ನೀರು ಕುಡಿಯಬೇಕಾಗುತ್ತಿರಲಿಲ್ಲ. ತಡೆದುಕೊಳ್ಳುವ ವಿಷಯದಲ್ಲಿ ನನಗೇನೂ ಕಷ್ಟವಾಗಲಿಲ್ಲ. ಹೆಂಗಸು ಕಂಡಕ್ಟರ್ ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಯುವ ವಿದ್ಯೆಯೇ ಅದು.

ಒಳಗೆ ಕತ್ತಲೆ ಕೋಣೆ. ಗೋಡೆಯ ಮೇಲೆ ಎಲ್ಲ ಕಡೆ ಇರುವಂತೆ, ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡು. ಮಷಿನ್ನಿನ ಮುಂದೆ ಡಾಕ್ಟರು, ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಟೈಪ್ ಮಾಡುವ ಒಬ್ಬ ಗಂಡಸು. ಮಲಗಿ ಸೀರೆ ಸಡಿಲಿಸಿ, ಲಂಗದ ಲಾಡಿ ಬಿಚ್ಚಿ ಎಂದರು. ನಾನು ಮಲಗಲಿಲ್ಲ. ಹೊರಗೆ ಹೆಸರು ಕೂಗುವ ಹೆಂಗಸನ್ನು ಒಳಗೆ ಕರೆಯಿರಿ, ಆಮೇಲೆ ಬಿಚ್ಚುತ್ತೇನೆ ಎಂದೆ. ಡಾಕ್ಟರು ಹೊರಗೆ ಎಷ್ಟು ಜನ ಕಾಯುತ್ತಿದ್ದಾರೆ ಗೊತ್ತೇ ಎಂದು ಕೇಳಿದರು. ಗೊತ್ತು, ನಾನೂ ಅವರ ಜೊತೆಗೇ ಕಾದವಳು ಎಂದೆ. ಆಕೆ ಬಂದು ನನ್ನ ಪಕ್ಕ ನಿಂತು ಅಡ್ಡಕ್ಕೆ ಒಂದು ಬಟ್ಟೆ ಹಿಡಿದಳು. ಆ ದಿನ ಅಲ್ಲಿ ನಾನು ಕೇಳಿ ಪಡೆದದ್ದು ಅದೊಂದೇ. ಕೇಳಿದರೆ ಕೊಡುತ್ತಾರೆ ಎಂಬುದು ಹೊರಗೆ ಕಾಯುತ್ತಿದ್ದ ಯಾವ ಹೆಂಗಸಿಗೂ ತಿಳಿದಿರಲಿಲ್ಲ.

ಸ್ಕ್ಯಾನಿಂಗ್‌ನಲ್ಲಿ ನೋವೇನೂ ಇಲ್ಲ. ಗಂಜಿಯಂಥ ತಣ್ಣನೆಯ ಲೋಳೆ ಹಚ್ಚಿ, ಅದರ ಮೇಲೆ ಸಾಬೂನಿನಷ್ಟು ದೊಡ್ಡ ಒಂದು ಉಪಕರಣವನ್ನು ಒತ್ತಿ ಒತ್ತಿ ಆಡಿಸುತ್ತಾರೆ. ಅದು ಎಕ್ಸ್‌ರೇ ಅಲ್ಲ, ಕಿವಿಗೆ ಕೇಳದ ಶಬ್ದ. ಅದರಿಂದ ಮೈಗೆ ಕೆಡುಕಿಲ್ಲ. ಉಸಿರು ಎಳೆದು ಹಿಡಿಯಿರಿ, ಬಿಡಿ, ಎಡಕ್ಕೆ ತಿರುಗಿ ಎನ್ನುತ್ತಿದ್ದರು. ಡಾಕ್ಟರು ಮೂಲೆಯವನಿಗೆ ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತ ಹೋದರು. ಹೊಟ್ಟೆ, ಕಿಬ್ಬೊಟ್ಟೆ, ಕುತ್ತಿಗೆ, ಕಾಲಿನ ರಕ್ತನಾಳ ನೋಡಿದರು. ನೋವಿರುವ ಜಾಗಕ್ಕೆ ಬಂದಾಗ ನಾನು ಅವರ ಕೈಯ ಪಕ್ಕ ಬೆರಳಿಟ್ಟು, ಇಲ್ಲೇ, ಇದೇ ಜಾಗ ಎಂದೆ. ಸುಮ್ಮನಿರಮ್ಮ, ನಮಗೆ ಕಾಣಿಸುತ್ತದೆ ಎಂದರು.

ಮುಗಿದ ಮೇಲೆ ಲೋಳೆ ಒರೆಸಿಕೊಳ್ಳುತ್ತ ಕೇಳಿದೆ. ತಲೆ ನೋಡಲಿಲ್ಲ, ಎದೆ ನೋಡಲಿಲ್ಲ, ಮಂಡಿ ನೋಡಲಿಲ್ಲ, ಇಡೀ ದೇಹ ಎಂದು ಬೋರ್ಡು ಹಾಕಿದ್ದೀರಲ್ಲ?

“ಅದು ಪ್ಯಾಕೇಜಿನ ಹೆಸರಮ್ಮ. ನಿಮಗೆ ಎಲ್ಲಾ ನಾರ್ಮಲ್ ಇದೆ. ಲಿವರ್‌ನಲ್ಲಿ ಸ್ವಲ್ಪ ಕೊಬ್ಬಿದೆ, ಅದು ಎಲ್ಲರಿಗೂ ಇರುತ್ತೆ. ಹೋಗಿ, ಆರಾಮಾಗಿರಿ.”

ಹೊರಗೆ ಬಂದು ನಾರ್ಮಲ್ ಅಂತೆ ಎಂದಾಗ ನನ್ನ ಗಂಡನ ಮುಖ ಅರಳಿತು. ಪಾಪ, ಅವರು ಹೆದರಿದ್ದರು. ಅದೇ ಖುಷಿಯಲ್ಲಿ ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿನ್ನಿಸಿದರು. ತಿಂದ ಮೇಲೆ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಯಿತು. ಎಲ್ಲಾ ನಾರ್ಮಲ್ ಇರುವವಳು ಏನೆಂದು ಹೇಳುವುದು?

ಅಲ್ಲಿಂದ ಮುಂದಿನ ದಿನಗಳು ನೋವಿಗಿಂತ ಕೆಟ್ಟವು. ಅದಕ್ಕೆ ಮೊದಲು ನನ್ನ ಹೊಟ್ಟೆ ನೋಯುತ್ತದೆ ಎಂದರೆ ಜನ ಹೌದೇ ಎನ್ನುತ್ತಿದ್ದರು. ಈಗ ಸ್ಕ್ಯಾನಿಂಗ್ ಮಾಡಿಸಿದೆಯಲ್ಲ ಎನ್ನತೊಡಗಿದರು. ಮನೆಯಲ್ಲಿ ನಾನು ಅಡುಗೆ ಕಟ್ಟೆಗೆ ಹೊಟ್ಟೆ ಒತ್ತಿಕೊಂಡು ನಿಂತರೆ ಗಂಡ ಮೆತ್ತಗೆ, ಅದರ ಬಗ್ಗೆ ಯೋಚನೆ ಮಾಡಬೇಡ, ಯೋಚನೆ ಮಾಡಿದಷ್ಟೂ ನೋವು ಜಾಸ್ತಿ ಎನ್ನುತ್ತಿದ್ದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಅದಕ್ಕೇ ಎದುರಾಡಲು ಆಗುತ್ತಿರಲಿಲ್ಲ. ಕಡೆಗೆ ನನಗೇ ಅನುಮಾನ ಬಂತು. ನೋವು ಬಂದಾಗಲೆಲ್ಲ ಇದು ನಿಜವಾಗಿ ಹೊಟ್ಟೆಯಲ್ಲಿದೆಯೋ ನನ್ನ ತಲೆಯಲ್ಲಿದೆಯೋ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ನನ್ನದೇ ಹೊಟ್ಟೆಯ ಮಾತನ್ನು ನಾನೇ ನಂಬದೆ ಹೋದೆನಲ್ಲ, ಆ ಅವಮಾನ ಇವತ್ತಿಗೂ ಆರಿಲ್ಲ.

ಡಿಪೊದಲ್ಲಿ ನಮಗೆ ಡ್ಯೂಟಿ ಹಾಕುವ ಒಬ್ಬ ಮೇಲ್ವಿಚಾರಕರಿದ್ದರು. ಕೆಲವು ದಿನ ರಜೆ ಬೇಕು, ಇಲ್ಲವೇ ನಡುವೆ ಉಣ್ಣಲು ಹೊತ್ತು ಸಿಗುವ ಡ್ಯೂಟಿ ಹಾಕಿ ಎಂದು ಅವರ ಬಳಿ ಹೋದೆ. ಏನಾಗಿದೆ ಎಂದು ಕೇಳಿದರು. ಹೇಳಿದೆ. ಸ್ಕ್ಯಾನಿಂಗ್ ರಿಪೋರ್ಟು ಕೇಳಿದರು. ಕೊಟ್ಟೆ. ಅದನ್ನು ಓದಿ ನನ್ನ ಕೈಗೆ ವಾಪಸು ಕೊಟ್ಟು ನಕ್ಕರು.

“ಇದರಾಗ ಏನೂ ಇಲ್ಲ ಅಂತ ಡಾಕ್ಟರೇ ಬರದಾರಲ್ಲಮ್ಮ. ಮತ್ತ ಯಾತರ ರಜಾ? ಎಲ್ಲಾರೂ ಹಿಂಗ ಅಂದ್ರ ಬಸ್ ಯಾರು ನಡಸಬೇಕು?”

ಮರುವಾರದಿಂದ ನನ್ನನ್ನು ಸಂಡೂರಿನ ಬಸ್ಸಿಗೆ ಹಾಕಿದರು. ಹೇಳಿಕೇಳಿ ಅದು ಗುಡ್ಡದ ದಾರಿ, ತಿರುವು ಮೇಲೆ ತಿರುವು, ಮುಂದೆ ಹಿಂದೆ ಅದಿರಿನ ಲಾರಿಗಳು. ಕೆಂಪು ಧೂಳಿನಲ್ಲಿ ನಿಂತು ಟಿಕೆಟ್ ಕೊಡುತ್ತಿದ್ದರೆ ಕಣ್ಣು ಕತ್ತಲೆ ಬರುತ್ತಿತ್ತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಅಷ್ಟು ಹೊತ್ತಿಗೆ ಇನ್ನೊಂದು ಸಂಗತಿ ನಡೆದಿತ್ತು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೊರಕಡೆಗೆ ಹೋದರೆ ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಬರುತ್ತಿತ್ತು. ಇಂಥದ್ದನ್ನು ಯಾರ ಮುಂದೆ ಹೇಳುವುದು ಎಂದು ಸುಮ್ಮನಿದ್ದೆ.

ಒಂದು ಬೆಳಿಗ್ಗೆ ಸಂಡೂರಿನ ನಿಲ್ದಾಣದಲ್ಲಿ ಜನರನ್ನು ಇಳಿಸಿ, ಬಾಗಿಲ ಮೆಟ್ಟಿಲ ಮೇಲೆ ಕುಳಿತವಳಿಗೆ ಏಳಲು ಆಗಲಿಲ್ಲ. ನಮ್ಮ ಬಸ್ಸಿನ ಡ್ರೈವರು ನಿವೃತ್ತಿಗೆ ಹತ್ತಿರವಿದ್ದವರು, ಡಿಪೊದಲ್ಲಿ ನನ್ನನ್ನು ಎಷ್ಟೋ ವರ್ಷದಿಂದ ಬಲ್ಲವರು, ಮಾತು ಕಡಿಮೆ. ಇಳಿದು ಬಂದು ನೀರಿನ ಬಾಟ್ಲಿ ಕೊಟ್ಟು ಪಕ್ಕದಲ್ಲಿ ಕುಳಿತರು. ಏನು ಅನ್ನಿಸಿತೋ, ನೋವು, ಕಪ್ಪು ಮಲ, ಸ್ಕ್ಯಾನಿಂಗ್, ಮೇಲ್ವಿಚಾರಕರು ನಕ್ಕದ್ದು ಎಲ್ಲವನ್ನೂ ಅವರ ಮುಂದೆ ಹೇಳಿಬಿಟ್ಟೆ. ಎಲ್ಲಾ ನಾರ್ಮಲ್ ಎಂದು ಬಂದಿದೆ ಅಣ್ಣ, ನನಗೇ ಹುಚ್ಚು ಹಿಡಿದಿರಬೇಕು ಎಂದೂ ಅಂದೆ.

ಅವರು ನನ್ನ ಕೈಯಿಂದ ಬಾಟ್ಲಿ ತೆಗೆದುಕೊಂಡು ಮುಚ್ಚಳ ಹಾಕಿದರು. “ನಂಗ ಈ ಸ್ಕ್ಯಾನಿಂಗು ಗೀನಿಂಗು ತಿಳಿಯಂಗಿಲ್ಲ, ತಂಗಿ. ಆದ್ರ ಇಷ್ಟ್ ವರ್ಷದಾಗ ನೀ ಒಂದ್ ದಿನ ಸುಳ್ಳು ಹೇಳಿದ್ದು ನಾ ನೋಡಿಲ್ಲ. ನೋವೈತಿ ಅಂದ್ರ ಐತಿ. ಇವತ್ತ ಆಸ್ಪತ್ರಿಗೆ ಹೋಗು.”

ಮೂರು ತಿಂಗಳಲ್ಲಿ ನನ್ನನ್ನು ನಂಬಿದ ಮೊದಲ ಮನುಷ್ಯ ಅವರು. ಹೊಸಪೇಟೆಗೆ ವಾಪಸು ಬಂದವಳೇ ಟಿಕೆಟ್ ಮಷಿನ್ನು, ಹಣದ ಚೀಲ ಎರಡನ್ನೂ ಡಿಪೊದಲ್ಲಿ ಒಪ್ಪಿಸಿದೆ. ಇನ್ನೂ ಒಂದು ಟ್ರಿಪ್ಪು ಬಾಕಿಯಿದೆ ಎಂದು ಮೇಲ್ವಿಚಾರಕರು ಕೂಗಿದರು. ಇದೆ, ಬೇರೆಯವರನ್ನು ಕಳಿಸಿ ಎಂದೆ. ಹೀಗೆ ಹೋದರೆ ಗೈರುಹಾಜರಿ ಹಾಕುತ್ತೇನೆ ಎಂದರು.

“ಹಾಕ್ರಿ. ನಾ ಸತ್ತ ಮ್ಯಾಲೂ ನೀವು ಅದನ್ನ ಹಾಕ್ತೀರಿ” ಎಂದು ಹೇಳಿ ಹೊರಟೆ. ಗೇಟು ದಾಟಿ ನೇರ ಸರ್ಕಾರಿ ಆಸ್ಪತ್ರೆಯ ದಾರಿ ಹಿಡಿದೆ.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ನನಗಿಂತ ಚಿಕ್ಕವರು. ನಾನು ಕುಳಿತ ಕೂಡಲೇ ರಿಪೋರ್ಟು ಮುಂದೆ ಇಟ್ಟೆ. ಅವರು ಅದನ್ನು ತೆರೆಯದೆ ಪಕ್ಕಕ್ಕೆ ಸರಿಸಿ, ಮೊದಲು ನೀವು ಹೇಳಿ ಎಂದರು. ನೋವು ಎಲ್ಲಿ, ಯಾವಾಗ, ಉಂಡ ಮೇಲೆ ಏನಾಗುತ್ತದೆ, ಮಲದ ಬಣ್ಣ ಯಾವುದು, ಏನೇನು ಗುಳಿಗೆ ನುಂಗುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಮಂಡಿನೋವಿನ ಗುಳಿಗೆ ಎಂದೆ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು, ಖಾಲಿ ಹೊಟ್ಟೆಗೋ ಎಂದು ಕೇಳಿದರು. ನನ್ನ ಉತ್ತರ ಕೇಳಿ ಪೆನ್ನು ಕೆಳಗಿಟ್ಟು, ಎದ್ದು ಬಂದು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬೆಳ್ಳಗಿತ್ತಂತೆ. ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿದರು. ಆ ಜಾಗಕ್ಕೆ ಬಂದಾಗ ನನಗೆ ಅರಿವಿಲ್ಲದೆಯೇ ಅವರ ಮಣಿಕಟ್ಟು ಹಿಡಿದುಕೊಂಡಿದ್ದೆ.

“ಸ್ಕ್ಯಾನಿಂಗ್ ಸುಳ್ಳು ಹೇಳಿಲ್ಲಮ್ಮ” ಎಂದರು ಅವರು. “ಲಿವರ್, ಪಿತ್ತಕೋಶ, ಕಿಡ್ನಿ, ಗರ್ಭಕೋಶ, ಇವನ್ನು ಅದು ಚೆನ್ನಾಗಿ ನೋಡುತ್ತೆ. ಆದರೆ ಆ ಶಬ್ದ ಗಾಳಿಯನ್ನು ದಾಟಿ ಹೋಗಲ್ಲ, ಎಲುಬನ್ನೂ ದಾಟಲ್ಲ. ಜಠರ, ಕರುಳು ಅಂದ್ರೆ ಗಾಳಿ ತುಂಬಿದ ಚೀಲ. ಅದರ ಒಳಗೋಡೆಯಲ್ಲಿ ಹುಣ್ಣಾಗಿದ್ದರೆ ಇದರಲ್ಲಿ ಕಾಣೋದಿಲ್ಲ. ನಿಮ್ಮ ಹೊಟ್ಟೆಯಲ್ಲಿ ಏನೂ ಇಲ್ಲ ಅಂತ ಇದು ಹೇಳ್ತಾ ಇಲ್ಲ. ತನಗೆ ಕಾಣುವ ಜಾಗದಲ್ಲಿ ಏನೂ ಇಲ್ಲ ಅಂತ ಹೇಳ್ತಾ ಇದೆ, ಅಷ್ಟೇ.”

ನನಗೆ ಅಳು ಬಂತು. ಅವರು ಹೆದರಬೇಡಿ ಎಂದರು. ಹೆದರಿ ಅಳುತ್ತಿಲ್ಲ ಎಂದೆ. ನನ್ನ ತಲೆ ಸರಿಯಿದೆ ಎಂದು ಒಬ್ಬರಾದರೂ ಹೇಳಿದರಲ್ಲ ಎಂದು ಅಳುತ್ತಿದ್ದೆ.

ರಕ್ತ ಪರೀಕ್ಷೆ ಮಾಡಿದಾಗ ಮೈಯಲ್ಲಿ ರಕ್ತ ಬಹಳ ಕಡಿಮೆಯಿತ್ತು. ಅದೇ ದಿನ ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಗ್ಯಾರೇಜಿನಿಂದ ಕೆಲಸದ ಬಟ್ಟೆಯಲ್ಲೇ ಓಡಿ ಬಂದ ಗಂಡ ದಾರಿಯುದ್ದಕ್ಕೂ ನನ್ನ ಕಾಗದಗಳನ್ನು ಹಿಡಿದು ಪಕ್ಕದಲ್ಲೇ ಕುಳಿತಿದ್ದರು. ಅಲ್ಲಿ ಗಂಟಲಿಗೆ ಕಹಿಯಾದ ಮದ್ದು ಹೊಡೆದು ಮರಗಟ್ಟಿಸಿ, ಬಾಯಿಂದ ಕ್ಯಾಮೆರಾ ಇರುವ ತೆಳ್ಳನೆಯ ಕೊಳವೆ ಬಿಟ್ಟು ಜಠರ ನೋಡಿದರು. ಅದು ಸುಖದ ಪರೀಕ್ಷೆ ಎಂದು ಹೇಳಲಾರೆ. ವಾಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ, ಆದರೆ ಬೇಗ ಮುಗಿಯುತ್ತದೆ. ಪರದೆಯ ಮೇಲೆ ಅವರು ನನ್ನ ಗಂಡನಿಗೂ ತೋರಿಸಿದರಂತೆ: ಜಠರದ ಗೋಡೆಯಲ್ಲಿ ಒಂದು ಗುಳಿ, ಅದರ ಅಂಚಿನಿಂದ ರಕ್ತ ಜಿನುಗುತ್ತಿತ್ತು. ಖಾಲಿ ಹೊಟ್ಟೆಗೆ ನುಂಗಿದ ಗುಳಿಗೆಗಳು ಅಲ್ಲಿ ಹುಣ್ಣು ಮಾಡಿದ್ದವು. ಕಪ್ಪಗೆ ಹೋಗುತ್ತಿದ್ದದ್ದು ನನ್ನದೇ ರಕ್ತ.

ರಕ್ತ ಏರಿಸಿದರು, ಔಷಧಿ ಕೊಟ್ಟರು, ಆ ಗುಳಿಗೆಯನ್ನು ಇನ್ನು ಮುಟ್ಟಕೂಡದು ಎಂದರು. ವಾರ್ಡಿನಲ್ಲಿ ಗಂಡ ನನ್ನ ಮಂಚದ ಪಕ್ಕ ನೆಲದ ಮೇಲೆ ಕುಳಿತು, ತಲೆ ತಗ್ಗಿಸಿ, ನೀನು ಅಷ್ಟು ಸಲ ಹೇಳಿದೆ, ನಾನು ಕೇಳಲಿಲ್ಲ ಎಂದರು. ಅವರನ್ನು ಸಮಾಧಾನ ಮಾಡಬೇಕೆಂದು ನನಗೆ ಅನ್ನಿಸಲಿಲ್ಲ. ಹೌದು, ಕೇಳಲಿಲ್ಲ ಎಂದೆ. ಅಷ್ಟೇ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅಷ್ಟು ನೆಟ್ಟಗೆ ನಾವು ಮಾತಾಡಿಕೊಂಡದ್ದು ಕಡಿಮೆ. ಅದರಿಂದ ಕೆಟ್ಟದ್ದೇನೂ ಆಗಲಿಲ್ಲ.

ಸ್ವಲ್ಪ ಚೇತರಿಸಿಕೊಂಡ ಮೇಲೆ ನಾನು ಮಾಡಿದ ಮೊದಲ ಕೆಲಸ ಆ ಸ್ಕ್ಯಾನಿಂಗ್ ಸೆಂಟರಿಗೆ ಹೋದದ್ದು. ಜಗಳಕ್ಕೆ ಹೋಗಬೇಡ ಎಂದು ಗಂಡ ಹೇಳಿದರು. ಜಗಳಕ್ಕಲ್ಲ, ಕೇಳಲು ಎಂದೆ. ಹೊರಗಿನ ಕೋಣೆಯಲ್ಲಿ ಬೆಂಚುಗಳ ತುಂಬ ಜನ. ಡಾಕ್ಟರು ಚಹಾಕ್ಕೆ ಎದ್ದು ಬಂದಾಗ ಎದುರು ನಿಂತು ನಡೆದದ್ದನ್ನು ಹೇಳಿದೆ. ಕುಳಿತವರೆಲ್ಲ ಕಿವಿಗೊಟ್ಟರು. ಅವರು ಮುಜುಗರದಿಂದ, ಎಲ್ಲಾ ಕಾಣುವುದಿಲ್ಲ ಎಂದು ರಿಪೋರ್ಟಿನ ಕೆಳಗೆ ಅಚ್ಚು ಹಾಕಿಸಿದ್ದೇವಲ್ಲ, ಬೇರೆ ಪರೀಕ್ಷೆ ಬೇಕಾಗಬಹುದು ಎಂದೂ ಇದೆ ಎಂದರು. ಇತ್ತು. ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ.

“ಇಡೀ ದೇಹ ಅನ್ನೋದನ್ನ ಕನ್ನಡದಾಗ ಇಷ್ಟು ದೊಡ್ಡದಾಗಿ ಬರಸೀರಿ. ಕಾಣಂಗಿಲ್ಲ ಅನ್ನೋದನ್ನೂ ಹಂಗ ಬರಸ್ರಿ” ಎಂದೆ.

ಅವರು ಚಹಾ ಬಿಟ್ಟು ಒಳಗೆ ಹೋದರು. ಬೋರ್ಡು ಇವತ್ತಿಗೂ ಹಾಗೇ ಇದೆ. ಆ ದಿನ ಮಾತ್ರ ಬೆಂಚಿನ ಮೇಲಿದ್ದ ಹೆಂಗಸರು ನನ್ನನ್ನು ಬಿಡಲಿಲ್ಲ. ಒಬ್ಬರು ಎಮ್ಮಿಗನೂರಿನವರು, ಎದೆನೋವಿಗೆಂದು ಬಂದಿದ್ದರು. ಡಾಕ್ಟರು ಬರೆದುಕೊಟ್ಟಿದ್ದಾರೆಯೇ ಎಂದು ಕೇಳಿದೆ. ಇಲ್ಲ, ಕರಪತ್ರ ನೋಡಿ ಅವರ ತಮ್ಮ ಕರೆತಂದನಂತೆ. ಮೊದಲು ಡಾಕ್ಟರಿಗೆ ತೋರಿಸಿ, ಅವರು ಈ ಜಾಗ ನೋಡಬೇಕು ಎಂದು ಬರೆದುಕೊಟ್ಟರೆ ಆಗ ಬನ್ನಿ, ಎದೆನೋವಿಗೆ ಇಲ್ಲಿ ಕಾಯುತ್ತ ಕೂರಬೇಡಿ ಎಂದೆ. ಅವರು ಎದ್ದು ತಮ್ಮನನ್ನು ಕರೆದುಕೊಂಡು ಹೊರಟುಹೋದರು.

ಬಸ್ಸಿನಲ್ಲೂ ಅಷ್ಟೇ. ಕೈಯಲ್ಲಿ ಸ್ಕ್ಯಾನಿಂಗಿನ ದೊಡ್ಡ ಕವರು ಹಿಡಿದವರು ಕಂಡರೆ ನಾನು ಸುಮ್ಮನಿರುವುದಿಲ್ಲ. ಕಿಡ್ನಿಯಲ್ಲಿ ನೀರಿನ ಗುಳ್ಳೆ ಇದೆ ಎಂದು ಬರೆದದ್ದಕ್ಕೆ ಊಟ ಬಿಟ್ಟು ಕುಳಿತವರಿಗೆ, ಹುಡುಕಿದರೆ ಎಲ್ಲರ ಹೊಟ್ಟೆಯಲ್ಲೂ ಏನಾದರೊಂದು ಸಿಗುತ್ತದೆ, ಅದು ಕಾಯಿಲೆಯೋ ಅಲ್ಲವೋ ಎಂದು ಡಾಕ್ಟರ ಬಾಯಿಂದ ಕೇಳಿ ತಿಳಿದುಕೊಳ್ಳಿ ಎನ್ನುತ್ತೇನೆ. ಏನೂ ಇಲ್ಲ ಎಂದು ಬಂದರೂ ನೋವು ಹೋಗದವರಿಗೆ, ಮತ್ತೆ ಹೋಗಿ, ನುಂಗುವ ಗುಳಿಗೆಯ ಪಟ್ಟಿ ಸಮೇತ ಹೋಗಿ ಎನ್ನುತ್ತೇನೆ. ಕಂಡಕ್ಟರಿಗೇಕೆ ಈ ಉಸಾಬರಿ ಎಂದವರೂ ಇದ್ದಾರೆ. ಇರಲಿ.

ಡ್ಯೂಟಿಗೆ ವಾಪಸಾದ ದಿನ ಮೇಲ್ವಿಚಾರಕರು ಬಳ್ಳಾರಿಯ ಕಾಗದಗಳನ್ನೆಲ್ಲ ನೋಡಿದರು. ಈ ಸಲ ನಗಲಿಲ್ಲ. ಗೈರುಹಾಜರಿಯನ್ನು ರಜೆಗೆ ಬದಲಿಸಿ, ನನ್ನನ್ನು ಮತ್ತೆ ಕಂಪ್ಲಿಯ ಬಸ್ಸಿಗೆ ಹಾಕಿದರು. ಅವರು ಕ್ಷಮೆ ಕೇಳಲಿಲ್ಲ, ನಾನು ಕಾಯಲೂ ಇಲ್ಲ. ಕಂಪ್ಲಿಯಲ್ಲಿ ಉಂಡು ಹೊರಡುತ್ತೇನೆ, ಬಸ್ಸು ತಡವಾದರೆ ಅದಕ್ಕೆ ನಾನೇ ಹೊಣೆ ಎಂದು ಬರೆದುಕೊಳ್ಳಿ ಎಂದೆ. ಹಾಗೆಲ್ಲ ನಿಯಮ ಇಲ್ಲಮ್ಮ ಎಂದರು. ಉಣ್ಣಬಾರದು ಎಂಬ ನಿಯಮ ಇದ್ದರೆ ತೋರಿಸಿ ಎಂದೆ. ತೋರಿಸಲಿಲ್ಲ.

ಈಗ ಕಂಪ್ಲಿಯಲ್ಲಿ ಜನ ಹತ್ತಿ ಕುಳಿತ ಮೇಲೂ ನಾನು ನನ್ನ ಸೀಟಿನಲ್ಲಿ ಬುತ್ತಿ ಬಿಚ್ಚುತ್ತೇನೆ. ರೊಟ್ಟಿ, ಮೊಸರು, ಖಾರವಿಲ್ಲದ ಪಲ್ಯ. ಸಂಡೂರಿನ ಬಸ್ಸಿನ ಡ್ರೈವರಣ್ಣ ನಿವೃತ್ತರಾಗಿ ಹೋದರು, ಈ ಬಸ್ಸಿಗೆ ಹೊಸಬರು ಬಂದಿದ್ದಾರೆ, ಅವರೂ ನನ್ನ ಜೊತೆ ಉಣ್ಣುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಮೊನ್ನೆ ಹಿಂದಿನ ಸೀಟಿನಿಂದ ಒಬ್ಬರು ಜೋರಾಗಿ, ಬಸ್ಸು ಯಾವಾಗ ಬಿಡ್ತೀರಿ ಎಂದು ಕೇಳಿದರು.

“ಉಣ್ಣಾಕತ್ತೀನ್ರಿ” ಎಂದೆ, ತಿರುಗಿ ನೋಡದೆ. “ಉಂಡ ಮ್ಯಾಲ ಬಿಡ್ತೀವಿ.”